ಮಾಷ್ಟ್ರೇ, ನೀವು ಬೈದ ತಪ್ಪು ಬೇರೆ, ನಾವು ಮಾಡಿದ ತಪ್ಪು ಬೇರೆ

ಓದುಗರ ಪತ್ರ:

‘ಕಳೆದ ಸಂಚಿಕೆಯ "ನಾಲಗೆ ತುದಿಯ ಸಾಲು" ಪುಟ ನೋಡಿ ಬೇಸರವಾಯಿತು. ಓದುಗರು ತಮ್ಮ ಮೆಚ್ಚಿನ ಬ್ಯಾಂಡ್‌ಗಳ ಹಾಡಿನ ಸಾಲು ಕಳಿಸಿದ್ದಾರೆ, ಅದು ಸರಿ. ಆದರೆ ಅವುಗಳ ನಡುವೆ ಮಲಯಾಳ ಹಾಡೊಂದನ್ನು ಕನ್ನಡ ಅಕ್ಷರದಲ್ಲಿ ಅಚ್ಚು ಹಾಕಿದ್ದೀರಿ. ಕಳಿಸಿದವನು ನನ್ನ ಪುಳ್ಳಿ (ಮೊಮ್ಮಗ) ಎಂಬುದು ಪತ್ರಿಕೆ ಕೈಗೆ ಬಂದ ಮೇಲೇ ನನಗೆ ಗೊತ್ತಾದದ್ದು. ಮೂವತ್ತು ವರ್ಷ ಕನ್ನಡ ಕಲಿಸಿದವನ ಮನೆಯಲ್ಲೇ ಹೀಗೆ. ಗಡಿನಾಡಿನ ಕನ್ನಡ ಪತ್ರಿಕೆ ಮಾಡಬೇಕಾದ ಕೆಲಸ ಇದೇನಾ? ಚಂದಾ ಮುಂದುವರಿಸಬೇಕೋ ಬೇಡವೋ ಎಂದು ಯೋಚಿಸುತ್ತಿದ್ದೇನೆ.’

- ನಿವೃತ್ತ ಅಧ್ಯಾಪಕರು, ಬದಿಯಡ್ಕ ಸಮೀಪ

ಸಂಪಾದಕರ ಉತ್ತರ:

ಮಾಷ್ಟ್ರಿಗೆ ನಮಸ್ಕಾರ.

ನಿಮ್ಮ ಪತ್ರ ಇನ್‌ಲ್ಯಾಂಡ್ ಲೆಟರಿನಲ್ಲಿ ಬಂತು. ಜಾಗ ಸಾಲದೆ ಅಂಚಿನಲ್ಲೂ ಬರೆದಿದ್ದೀರಿ. ಅಂಚಿನಲ್ಲಿ ಬರೆದದ್ದೇ ಜಾಸ್ತಿ ಖಾರ ಇದೆ. ಇಲ್ಲಿ ಹಾಕಿದ್ದು ನಡುವಿನದ್ದನ್ನು ಮಾತ್ರ, ಕ್ಷಮಿಸಿ.

ಮೊದಲು ಒಂದು ಒಪ್ಪಿಗೆ. ಆ ಪುಟದಲ್ಲಿ ತಪ್ಪಾಗಿದೆ. ದೊಡ್ಡ ತಪ್ಪೇ. ಆದರೆ ನೀವು ಹೇಳಿದ ತಪ್ಪಲ್ಲ. ಅದನ್ನು ಹೇಳುವ ಮೊದಲು ಪುಟ ನೋಡದವರಿಗಾಗಿ ಸ್ವಲ್ಪ ಹಿನ್ನೆಲೆ ಕೊಡಬೇಕು.

ಸಿನಿಮಾದ ಹಂಗಿಲ್ಲದೆ ತಾವೇ ಹಾಡು ಕಟ್ಟಿ ಹಾಡುವ ತಂಡಗಳಿವೆಯಲ್ಲ, ಹುಡುಗರು ಅದಕ್ಕೆ ‘ಇಂಡೀ’ ಅನ್ನುತ್ತಾರೆ. ಅಂಥ ತಂಡದ ಒಂದು ಹಾಡು, ಅದರಲ್ಲಿ ಒಂದೇ ಒಂದು ಸಾಲು, ಅದು ಯಾಕೆ ನಿಮ್ಮಲ್ಲಿ ಉಳಿಯಿತು, ಇಷ್ಟು ಬರೆದು ಕಳಿಸಿ ಎಂದು ಕೇಳಿದ್ದೆವು. ನಾಲ್ಕೈದು ಬಂದರೆ ಹೆಚ್ಚು ಅಂದುಕೊಂಡಿದ್ದೆ. ಒಂದು ಕಟ್ಟು ಬಂತು. ಅರ್ಧಕ್ಕರ್ಧ ಪತ್ರ ರಘು ದೀಕ್ಷಿತ್ ಪ್ರಾಜೆಕ್ಟ್ ತಂಡದ ಹಾಡುಗಳ ಬಗ್ಗೆ. ಕೆಲವು ಸ್ವರಾತ್ಮ ತಂಡದ ಬಗ್ಗೆ. ಅಣ್ಣ ರಘು ಒಂದು ತಂಡ, ತಮ್ಮ ವಾಸು ಇನ್ನೊಂದು ತಂಡ, ನಮ್ಮ ಓದುಗರು ಇಬ್ಬರನ್ನೂ ಬಿಟ್ಟಿಲ್ಲ. ಒಂದೇ ಒಂದು ಪತ್ರ ತಿರುವನಂತಪುರದ ‘ಅವಿಯಲ್’ ತಂಡದ ಬಗ್ಗೆ ಬಂತು. ಅದು ನಿಮ್ಮ ಪುಳ್ಳಿಯದ್ದು.

ಓದಿದ ಪತ್ರಗಳಲ್ಲಿ ನನಗೆ ತುಂಬ ಖುಷಿ ಕೊಟ್ಟದ್ದು ಉಪ್ಪಳದ ಹೆಂಗಸೊಬ್ಬರದ್ದು. ಅವರ ಸಾಲು ‘ಸೋರುತಿಹುದು ಮನೆಯ ಮಾಳಿಗಿ’. ಮಂಗ ಹಾರಿ ಹಂಚು ಒಡೆದು, ಆಟಿ ತಿಂಗಳಲ್ಲಿ ಮನೆಯೊಳಗೆ ಚೆಂಬು, ಪಾತ್ರೆ, ಬಾಲ್ದಿ ಎಲ್ಲ ಇಟ್ಟುಕೊಂಡು ಕೂತಿದ್ದಾಗ ಮಗಳ ಮೊಬೈಲಿನಲ್ಲಿ ಈ ಹಾಡು ಬಂತಂತೆ. ‘ಯಾರೋ ನಮ್ಮ ಮನೆ ನೋಡಿಯೇ ಬರೆದಿದ್ದಾರೆ ಅನಿಸಿತು. ಆದರೆ ಒಂದು ಸಂಶಯ. ನಮಗೆ ಮಾಳಿಗೆಯೇ ಇಲ್ಲ, ಒಂದೇ ಅಂತಸ್ತು’ ಎಂದು ಬರೆದಿದ್ದರು.

ನೋಡಿ, ಈ ಸಂಶಯ ಎಷ್ಟು ಚಂದ ಅಲ್ವಾ? ನಮ್ಮಲ್ಲಿ ಮಾಳಿಗೆ ಅಂದರೆ ಉಪ್ಪರಿಗೆ. ಮಾಳಿಗೆ ಮನೆ ಇದ್ದವರು ಅಂದರೆ ಅನುಕೂಲಸ್ಥರು ಅಂತ ಲೆಕ್ಕ. ಧಾರವಾಡ, ಹಾವೇರಿ ಕಡೆ ಮಾಳಿಗಿ ಅಂದರೆ ಬೇರೆ. ತೊಲೆ, ಜಂತಿ ಜೋಡಿಸಿ, ಮೇಲೆ ಮಣ್ಣು ಹಾಕಿ ಮೆತ್ತಿದ ಚಪ್ಪಟೆ ಸೂರು. ಬೇಸಗೆಯಲ್ಲಿ ಅದು ಬಿರುಕು ಬಿಡುತ್ತದೆ. ಮಳೆ ಹಿಡಿಯುವ ಮೊದಲು ಮತ್ತೆ ಮಣ್ಣು ಹಾಕಿ ಸರಿ ಮಾಡಬೇಕು. ಮಾಡದೆ ಕೂತರೆ ಸೋರುತ್ತದೆ. ಹಾಡಿನಲ್ಲೇ ಮುಂದೆ ‘ಮುರುಕು ತೊಲೆಯು ಹುಳುಕು ಜಂತಿ’ ಅಂತ ಬರುತ್ತದೆ. ಅದು ಮಣ್ಣಿನ ಸೂರಿನ ಮನೆಯ ವಿವರ. ನಮ್ಮ ಹಂಚಿನ ಮನೆ ಮಂಗನಿಂದ ಸೋರಬಹುದು, ಗಾಳಿಗೆ ಬಿದ್ದ ತೆಂಗಿನ ಮಡಲಿನಿಂದ ಸೋರಬಹುದು. ಆ ಮನೆ ಸೋರುವುದು ಯಜಮಾನನ ಉದಾಸೀನದಿಂದ. ‘ಅಜ್ಞಾನದಿಂದ’ ಎಂಬ ಮಾತು ಅಲ್ಲಿ ಯಾಕೆ ಬಂತು ಎಂದು ಆ ಸೂರು ಗೊತ್ತಾದ ಮೇಲೆ ನನಗೂ ಹೊಳೆಯಿತು.

ಈಗ ನಮ್ಮ ತಪ್ಪಿನ ವಿಷಯ. ಆ ಸಾಲಿನ ಕೆಳಗೆ ನಾವು ಅಚ್ಚು ಹಾಕಿದ್ದು ‘ರಘು ದೀಕ್ಷಿತ್ ಪ್ರಾಜೆಕ್ಟ್, 2008’ ಎಂದು. ಅಷ್ಟೇ. ಬರೆದವರು ಶಿಶುನಾಳ ಶರೀಫರು. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡವರು. ‘ಗುಡುಗುಡಿಯ ಸೇದಿ ನೋಡೋ’ ಕಳಿಸಿದವರೂ ಹಾಗೆಯೇ ಬರೆದಿದ್ದರು, ‘ಲೋಕದ ಕಾಳಜಿ’ ಕಳಿಸಿದವರೂ ಹಾಗೆಯೇ. ನಾವು ಒಂದನ್ನೂ ತಿದ್ದಲಿಲ್ಲ. ನನ್ನ ತಲೆಮಾರಿಗೆ ಶರೀಫರ ಹಾಡು ಅಂದರೆ ಸಿ. ಅಶ್ವತ್ಥ್. ಹಾಗಾಗಿ ಇದೆಲ್ಲ ಎಲ್ಲರಿಗೂ ಗೊತ್ತೇ ಇರುತ್ತದೆ ಅಂದುಕೊಂಡೆ. ಇಪ್ಪತ್ತು ವರ್ಷದ ಹುಡುಗಿಗೆ ಹೇಗೆ ಗೊತ್ತಿರಬೇಕು? ಅವಳು ಮೊದಲು ಕೇಳಿದ್ದೇ ಲುಂಗಿ ಉಟ್ಟು, ಗೆಜ್ಜೆ ಕಟ್ಟಿ, ಗಿಟಾರ್ ಹಿಡಿದವರ ಬಾಯಲ್ಲಿ.

ಆದರೆ ಶರೀಫರು ಪಾಪ ತಮ್ಮ ಕೆಲಸ ಸರಿಯಾಗಿಯೇ ಮಾಡಿಟ್ಟಿದ್ದರು. ಕೊನೆಯ ನುಡಿಯಲ್ಲಿ ‘ಶಿಶುನಾಳಧೀಶ’ ಎಂದು ಅಂಕಿತ ಹಾಕಿ ಹೋಗಿದ್ದಾರೆ. ಹಾಡು ಬಾಯಿಂದ ಬಾಯಿಗೆ ದಾಟುವಾಗ ಕಾಗದ ಜೊತೆಗೆ ಬರುವುದಿಲ್ಲ, ಹೆಸರು ಹಾಡಿನ ಹೊಟ್ಟೆಯೊಳಗೇ ಇರಲಿ ಅಂತ. ಪೂರ್ತಿ ಹಾಡಿದರೆ ಹೆಸರು ಬಂದೇ ಬರುತ್ತದೆ. ನಾವೇನು ಮಾಡಿದೆವು? ‘ಒಂದೇ ಸಾಲು ಕಳಿಸಿ’ ಅಂದೆವು. ಎಲ್ಲರೂ ಮೇಲಿನ ಸಾಲು ಕತ್ತರಿಸಿ ಕಳಿಸಿದರು. ಬಾಲದಲ್ಲಿದ್ದ ಹೆಸರು ಬಾಲದಲ್ಲೇ ಉಳಿಯಿತು. ವಾಟ್ಸಾಪ್ ಸ್ಟೇಟಸ್ಸಿನಲ್ಲೂ ದಿನಾ ಆಗುವುದು ಇದೇ. ಆದರೆ ಸ್ಟೇಟಸ್ಸಿಗೆ ಸಂಪಾದಕ ಇರುವುದಿಲ್ಲ, ಈ ಪತ್ರಿಕೆಗೆ ಒಬ್ಬ ಇದ್ದಾನೆ, ಸಂಬಳವೂ ತಗೊಳ್ಳುತ್ತಾನೆ.

ಇನ್ನು ನಿಮ್ಮ ಪುಳ್ಳಿಯ ಸಾಲು. ‘ಆಡು ಪಾಂಬೇ, ಪುನಂ ತೇಡು ಪಾಂಬೇ.’ ಕೆಳಗೆ ನಾವು ಹಾಕಿದ್ದು ‘ಅವಿಯಲ್, 2008’. ಪತ್ರಿಕೆ ಪೋಸ್ಟಾದ ಮೂರನೇ ದಿನ ಮಂಜೇಶ್ವರದಿಂದ ಒಂದು ಫೋನ್. ವಯಸ್ಸಾದ ಹೆಂಗಸಿನ ಧ್ವನಿ. ‘ಅದು ಬೇಂಡಿನವರದ್ದು ಅಂತ ಹಾಕಿದ್ದೀರಲ್ಲ, ಅದು ನಮ್ಮ ಗುರುಗಳದ್ದು’ ಅಂದರು. ಅವರ ಸೋದರಮಾವ ವರ್ಕಳದ ಶಿವಗಿರಿ ಯಾತ್ರೆಗೆ ಹೋಗಿ ಬಂದು ಮನೆಯಲ್ಲಿ ಹಾಡುತ್ತಿದ್ದರಂತೆ. ನನ್ನ ಕಿವಿ ಬಿಸಿಯಾಯಿತು. ಹೌದು, ಅದು ನಾರಾಯಣ ಗುರುಗಳ ‘ಕುಂಡಲಿನಿ ಪಾಟ್ಟ್’. 1912ರಲ್ಲಿ ಮಂಗಳೂರಿನ ಕುದ್ರೋಳಿಗೆ ಬಂದು ಗೋಕರ್ಣನಾಥನನ್ನು ಪ್ರತಿಷ್ಠೆ ಮಾಡಿದ ಅದೇ ಗುರುಗಳು. ಮಂಜೇಶ್ವರದಿಂದ ಕುದ್ರೋಳಿಗೆ ಎಷ್ಟು ದೂರ? ಬಸ್ಸಿನಲ್ಲಿ ಕೂತು ಒಂದು ನಿದ್ದೆ ತೆಗೆಯುವಷ್ಟೂ ಇಲ್ಲ. ಅಷ್ಟು ಹತ್ತಿರದವರ ಪದ್ಯವನ್ನು ನಾವು ಎಲ್ಲಿಂದಲೋ ಬಂದದ್ದು ಅನ್ನುವ ಹಾಗೆ ಅಚ್ಚು ಹಾಕಿದ್ದೆವು.

ಅವರು ಫೋನ್ ಇಟ್ಟ ಮೇಲೆ ಎರಡೂ ಆಲ್ಬಮ್ಮುಗಳನ್ನು ಕೂತು ಕೇಳಿದೆ. ಎರಡೂ 2008ರಲ್ಲಿ ಬಂದವು, ಎರಡೂ ಆ ತಂಡಗಳ ಮೊದಲನೆಯವು. ಒಂದು ಕಡೆ ಶರೀಫರು, ಇನ್ನೊಂದು ಕಡೆ ಗುರುಗಳು. ಮಾತಾಡಿಕೊಂಡು ಮಾಡಿದ್ದಲ್ಲ, ಆದರೂ ಹೀಗಾಗಿದೆ. ನಿಜ ಹೇಳುತ್ತೇನೆ, ಅವಿಯಲ್‌ನವರ ಡ್ರಮ್ಸ್ ನನಗೆ ಸ್ವಲ್ಪ ಜಾಸ್ತಿಯಾಯಿತು. ಎರಡನೇ ಸಲಕ್ಕೆ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು ದೂರದಿಂದ ಕೇಳಿದೆ. ಆಗ ಸರಿ ಹೋಯಿತು. ನೀವು ಪತ್ರದಲ್ಲಿ ‘ಕಿರುಚಾಟ’ ಅಂದಿದ್ದೀರಿ. ಅಶ್ವತ್ಥ್ ಎದೆ ಒಡೆಯುವ ಹಾಗೆ ಏರುಸ್ವರದಲ್ಲಿ ಹಾಡಿದಾಗಲೂ ನನ್ನ ತಂದೆ ಇದೇ ಮಾತು ಹೇಳಿ ಟೇಪ್ ರೆಕಾರ್ಡರ್ ಸಣ್ಣ ಮಾಡಿಸಿದ್ದರು.

ಹಾವಿಗೆ ‘ಆಡು’ ಅನ್ನುವ ಪಲ್ಲವಿ ಗುರುಗಳಿಗಿಂತಲೂ ಹಳೆಯದು. ತಮಿಳಿನಲ್ಲಿ ಪಾಂಬಾಟ್ಟಿ ಸಿದ್ಧರ್ ಎಂಬವರಿದ್ದರು, ‘ಆಡು ಪಾಂಬೇ’ ಅವರ ಪದ್ಯಗಳ ಪಲ್ಲವಿ. ಇತ್ತ ನಮ್ಮ ಶರೀಫರು ‘ಹಾವು ತುಳಿದೇನೇ ಮಾನಿನಿ’ ಅಂದರು. ಪಾಂಬು, ಪಾವು, ಹಾವು. ಪಕಾರ ಹಕಾರ ಆದದ್ದನ್ನು ನಿಮಗೆ ನಾನು ವಿವರಿಸುವುದು ಅಧಿಕಪ್ರಸಂಗ, ನೀವು ಅದನ್ನು ಕಲಿಸಿದವರು.

ಕಾಸರಗೋಡಿನವರಿಗೆ ಯಾವುದು ಹತ್ತಿರ, ಯಾವುದು ದೂರ? ಸುಮ್ನೆ ಕೇಳುತ್ತೇನೆ. ‘ನಿನಗ್ಯಾರು ಬ್ಯಾಡಂತಾರ’ ಎಂಬ ಶರೀಫರ ಮಾತು ನಮ್ಮ ಪೆರ್ಲದ ಅಂಗಡಿಯಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ. ಅದನ್ನು ಕೇಳಿ ಅರ್ಥ ಮಾಡಿಕೊಳ್ಳುವಾಗ ನಾವು ಒಂದು ಹೆಜ್ಜೆ ಹಾಕುತ್ತೇವೆ. ‘ಆಡು ಪಾಂಬೇ’ ಕೇಳುವಾಗಲೂ ಒಂದು ಹೆಜ್ಜೆ. ಮನೆಯಲ್ಲಿ ತುಳುವೋ ಹವ್ಯಕವೋ ಮಾತಾಡಿ, ಪೇಟೆಯಲ್ಲಿ ಮಲಯಾಳ ಹೇಳಿ, ಶಾಲೆಯಲ್ಲಿ ಕನ್ನಡ ಓದಿದವರಿಗೆ ಈ ಹೆಜ್ಜೆ ಹೊಸತೇ? ನಿಮ್ಮ ಪುಳ್ಳಿ ಆ ಸಾಲನ್ನು ಯಾವ ಅಕ್ಷರದಲ್ಲಿ ಬರೆದ ಎಂಬುದನ್ನು ನೀವೇ ಹೇಳಿದ್ದೀರಿ. ತುಳು ಪಾಡ್ದನವನ್ನೂ ಕೊಂಕಣಿ ಭಜನೆಯನ್ನೂ ನಾವು ಬರೆದಿಟ್ಟುಕೊಂಡದ್ದು ಇದೇ ಅಕ್ಷರದಲ್ಲಿ. ರಘು ದೀಕ್ಷಿತರ ಆ ಆಲ್ಬಮ್ಮಿನಲ್ಲಿ ಹಿಂದಿ ಹಾಡುಗಳೂ ಇವೆ. ಅದರಿಂದ ಒಂದು ಹಿಂದಿ ಸಾಲನ್ನೂ ಅದೇ ಪುಟದಲ್ಲಿ ಹಾಕಿದ್ದೆವು. ಅದಕ್ಕೆ ಯಾರೂ ಪತ್ರ ಬರೆಯಲಿಲ್ಲ, ನೀವೂ ಬರೆಯಲಿಲ್ಲ.

ನಿಮ್ಮ ನೋವು ಎಲ್ಲಿಂದ ಬಂತು ಎಂದು ಗೊತ್ತಿದೆ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರ ವಿಷಯ ಬರೆದಿದ್ದೀರಿ, ಕವಿ ಕಯ್ಯಾರ ಕಿಞ್ಞಣ್ಣ ರೈಗಳ ‘ಬೆಂಕಿ ಬಿದ್ದಿದೆ ಮನೆಗೆ’ ನೆನಪಿಸಿದ್ದೀರಿ. ಅದೂ ನಾಲಗೆ ತುದಿಯ ಸಾಲೇ. ಕನ್ನಡ ಬಾರದ ಅಧ್ಯಾಪಕರು ಕನ್ನಡ ತರಗತಿಗೆ ಬಂದಾಗ, 2017ರಲ್ಲಿ ಶಾಲೆಗಳಿಗೆ ಮಲಯಾಳ ಕಡ್ಡಾಯದ ಕಾನೂನು ಬಂದಾಗ ಈ ಪತ್ರಿಕೆ ಬಾಯಿ ಮುಚ್ಚಿ ಕೂರಲಿಲ್ಲ. ಇನ್ನೂ ಕೂರುವುದಿಲ್ಲ. ಆದರೆ ಆ ಜಗಳ ಇರುವುದು ಕಚೇರಿಗಳ ಜೊತೆ. ಹದಿನೇಳು ವರ್ಷದ ಹುಡುಗನ ಇಯರ್‌ಫೋನಿನ ಮೇಲೆ ಅದರ ಭಾರ ಹೊರಿಸುವುದು ನನಗೆ ಸರಿ ಕಾಣುವುದಿಲ್ಲ.

ಒಂದು ವಿಷಯ ನಿಮಗೆ ಗೊತ್ತಿರಲಿಕ್ಕಿಲ್ಲ. ಅವನು ಕಳಿಸಿದ ಹಾಳೆ ನನ್ನ ಮುಂದೆ ಇದೆ. ರೂಲ್ಡ್ ಪುಸ್ತಕದಿಂದ ಹರಿದದ್ದು, ಎಡಬದಿಯಲ್ಲಿ ಕೆಂಪು ಗೆರೆ. ಮೇಲೆ ಅಚ್ಚಾದ ಸಾಲು. ಕೆಳಗೆ ಅವನಿಗಿಷ್ಟವಾದ ಕೆಲವು ಮಲಯಾಳ ಪದಗಳ ಪಟ್ಟಿ, ಅದನ್ನು ನಾವು ಹಾಕಲಿಲ್ಲ. ಅದರಲ್ಲಿ ‘ಮಳ’ ಎಂದು ಬರೆದು, ಪಕ್ಕದಲ್ಲಿ ‘ಮಳೆ’ ಎಂದು ಅರ್ಥ ಕೊಟ್ಟು, ‘ಮಳ’ದ ಳಕಾರದ ಕೆಳಗೆ ಪೆನ್ನಿನಲ್ಲಿ ಎರಡು ಚುಕ್ಕಿ ಇಟ್ಟಿದ್ದಾನೆ. ಅಂಚಿನಲ್ಲಿ ಸಣ್ಣಕ್ಕೆ: ‘ಇದು ನಮ್ಮ ಳ ಅಲ್ಲ, ಬೇರೆ. ಕನ್ನಡದಲ್ಲಿ ಅಕ್ಷರ ಇಲ್ಲ, ಕ್ಷಮಿಸಿ.’

ನಾನು ಅವನಿಗೆ ಫೋನ್ ಮಾಡಿದೆ. ಅಕ್ಷರ ಉಂಟು ಮಾರಾಯ, ೞ ಅಂತ, ಹಳಗನ್ನಡದಲ್ಲಿ ಮಳೆಯನ್ನು ‘ಮೞೆ’ ಅಂತಲೇ ಬರೆಯುತ್ತಿದ್ದರು ಅಂದೆ. ಪಂಪನಲ್ಲಿ ಉಂಟು. ವ್ಯಾಕರಣ ಬರೆದ ಕೇಶಿರಾಜನ ಕಾಲಕ್ಕೆ ಜನ ಅದನ್ನೂ ಳಕಾರವನ್ನೂ ಕಲಸಿಬಿಟ್ಟಿದ್ದರು, ಅದಕ್ಕೇ ಅವನು ‘ಶಬ್ದಮಣಿದರ್ಪಣ’ದಲ್ಲಿ ಆ ಅಕ್ಷರದ ಪದಗಳನ್ನು ಪಟ್ಟಿ ಮಾಡಿಟ್ಟ ಅಂದೆ. ಸ್ವಲ್ಪ ಹೊತ್ತು ಆ ಕಡೆ ಮಾತಿಲ್ಲ. ಆಮೇಲೆ ಕೇಳಿದ: ‘ಅಜ್ಜನಿಗೆ ಗೊತ್ತುಂಟಾ ಇದು?’

ಗೊತ್ತುಂಟು, ಕೇಳು ಅಂತ ಹೇಳಿದ್ದೇನೆ. ನಿಮ್ಮನ್ನು ಕೇಳದೆಯೇ ಹೇಳಿದೆ. ಈವರೆಗೆ ಅವನು ಕೇಳಿಲ್ಲ ಅಂತಾದರೆ, ಮನೆಯಲ್ಲಿ ಈಗ ಪತ್ರಿಕೆಯ ವಿಷಯ ಎತ್ತಲಿಕ್ಕೆ ಅವನಿಗೆ ಧೈರ್ಯ ಇಲ್ಲ ಅಂತಲೇ ಅರ್ಥ. ನೀವೇ ಒಮ್ಮೆ ಕರೆದು ಕೂರಿಸಿಕೊಳ್ಳಿ.

ಮುಂದಿನ ಸಂಚಿಕೆಯಲ್ಲಿ ಆ ಪುಟವನ್ನು ತಿದ್ದಿ ಮತ್ತೆ ಹಾಕುತ್ತೇವೆ. ಪ್ರತಿ ಸಾಲಿನ ಕೆಳಗೆ ಮೊದಲು ಬರೆದವರ ಹೆಸರು, ಆಮೇಲೆ ಹಾಡಿದವರದ್ದು. ಅಂಕಿತ ಇದ್ದರೆ ಅದು ಬರುವ ಸಾಲನ್ನೂ ಸೇರಿಸುತ್ತೇವೆ. ಗುರುಗಳ ಹಾವಿನ ಪಕ್ಕದಲ್ಲಿ ಶರೀಫರ ಹಾವು ಇಡಬೇಕೆಂದಿದೆ. ನಡುವೆ ನಾಲ್ಕು ಮಾತು ಬರೆದುಕೊಡಲಿಕ್ಕೆ ಹಳಗನ್ನಡ, ಮಲಯಾಳ ಎರಡೂ ಬಲ್ಲವರು ಬೇಕು. ನಿಮಗೆ ಮಲಯಾಳ ಚೆನ್ನಾಗಿ ಬರುತ್ತದೆ ಅಂತ ಕೇಳಿದ್ದೇನೆ. ಇಪ್ಪತ್ತನೇ ತಾರೀಕಿನ ಒಳಗೆ ಆದರೆ ಒಳ್ಳೆಯದು. ನಮ್ಮ ಡಿಟಿಪಿಯ ಹುಡುಗನ ಹಳೆಯ ಫಾಂಟಿನಲ್ಲಿ ೞ ಇಲ್ಲ, ಬೇರೆ ಫಾಂಟ್ ಹಾಕಿಸಬೇಕು, ಅದಕ್ಕೂ ಎರಡು ದಿನ ಬೇಕಾಗುತ್ತದೆ.

ಚಂದಾ ಬಗ್ಗೆ. ನಿಮ್ಮದು ಮುಂದಿನ ಜೂನ್‌ವರೆಗೆ ಕಟ್ಟಿದೆ. ಅಲ್ಲಿವರೆಗೆ ಪತ್ರಿಕೆ ಬರುತ್ತಲೇ ಇರುತ್ತದೆ, ನೀವು ಓದಿದರೂ ಸರಿ, ಪುಳ್ಳಿ ಓದಿದರೂ ಸರಿ.

- ಸಂಪಾದಕ