ಬಾರ್ತಾಲಿ, ಕೊಪ್ಪಿ: ಬರೀ ಗೆಲುವು ಎಣಿಸಿದರೆ ಸಾಲದು

ಇಟಲಿಯ ಸೈಕಲ್ ಓಟಗಾರರಲ್ಲಿ ಕೊಪ್ಪಿ ಐದು ಸಲ ಜಿರೋ (ಇಟಲಿಯ ದೊಡ್ಡ ಸೈಕಲ್ ಓಟ) ಗೆದ್ದರು, ಬಾರ್ತಾಲಿ ಮೂರೇ ಸಲ, ಆದರೂ ಇಬ್ಬರನ್ನೂ ಯಾಕೆ ಒಟ್ಟಿಗೆ ತೂಗುತ್ತಾರೆ ಅಂತ ಕೇಳಿದ್ದೀರಿ. ಫ್ರಾನ್ಸಿನ ಅಂಥದ್ದೇ ಓಟ ಟೂರ್ ಡಿ ಫ್ರಾನ್ಸ್ ನೋಡಿ, ಇಬ್ಬರದೂ ಎರಡೆರಡು. ಆದರೆ ಬಾರ್ತಾಲಿ ಗೆದ್ದಿದ್ದು 1938ರಲ್ಲಿ, ಆಮೇಲೆ 1948ರಲ್ಲಿ. ನಡುವೆ ಹತ್ತು ವರ್ಷ! ಅವರ ಒಳ್ಳೆಯ ಕಾಲವನ್ನು ಎರಡನೇ ಮಹಾಯುದ್ಧ ನುಂಗಿಬಿಟ್ಟಿತು. ಆ ಯುದ್ಧದಲ್ಲೇ ಅವರು ಸೈಕಲ್ ಫ್ರೇಮಿನೊಳಗೆ ನಕಲಿ ಗುರುತಿನ ಕಾಗದ ಬಚ್ಚಿಟ್ಟು ಸಾಗಿಸಿದರು, ಯಹೂದಿಗಳನ್ನು ಉಳಿಸಲು ನೆರವಾದರು. ಅದನ್ನು ಜಾಸ್ತಿ ಹೇಳಿಕೊಳ್ಳಲೂ ಇಲ್ಲ. ನನಗೆ ಇದು ಗೆದ್ದವರು ತೊಡುವ ಯಾವ ಜೆರ್ಸಿಗಿಂತಲೂ ದೊಡ್ಡದು.

ರಸ್ತೆಯ ಮೇಲಿನ ಆಟವನ್ನಷ್ಟೇ ನೋಡಿದರೆ ಕೊಪ್ಪಿಯೇ ಮುಂದೆ. ಒಂದೇ ವರ್ಷ ಜಿರೋ, ಟೂರ್ ಎರಡನ್ನೂ ಗೆದ್ದ ಮೊದಲಿಗ ಅವರು, 1949ರಲ್ಲಿ. 1952ರಲ್ಲಿ ಮತ್ತೆ ಅದನ್ನೇ ಮಾಡಿದರು. ಯುದ್ಧ ಅವರನ್ನೂ ಬಿಟ್ಟಿರಲಿಲ್ಲ, ಸೆರೆಯಾಳಾಗಿದ್ದವರು ಅಲ್ವಾ!