ಗ್ರಾಫ್ ಬಿಡಿ, ಆ ತಾಯಿಯ ಜೊತೆ ಹೋಗಿ

ನಮಸ್ಕಾರ ಅಕ್ಕಾವ್ರೇ,

ನೀವು ಅಚ್ಚಿಗೆ ಕಳಿಸಿದ 'ಸೂಜಿಯ ನಂತರ' ಬರಹ ಓದಿದೆ. ಕಲಘಟಗಿ ಕಡೆಯ ಒಬ್ಬ ಹುಡುಗ ಒಂದೂವರೆ ವರ್ಷಕ್ಕೆ ಮಾತು ನಿಲ್ಲಿಸಿದ, ಅವನಿಗೆ ಆಟಿಸಂ (ಮಾತು, ಜನರೊಡನೆ ಬೆರೆಯುವುದು ಬೇರೆ ರೀತಿ ಬೆಳೆಯುವ ಸ್ಥಿತಿ), ಅದಕ್ಕೆ ಆಗ ಹಾಕಿಸಿದ ಲಸಿಕೆಯೇ ಕಾರಣ ಅಂತ ಬರೆದಿದ್ದೀರಿ. ಹೀಗೇ ಅಚ್ಚು ಹಾಕಲು ನನ್ನಿಂದ ಆಗುವುದಿಲ್ಲ.

ಆದರೆ ಎರಡನೇ ಪುಟ ನನ್ನನ್ನು ಹಿಡಿದು ಕೂರಿಸಿತು. ಮಗನಿಗೆ ಕಿವಿ ಕೇಳಿಸುತ್ತಾ ಅಂತ ತಾಯಿ ಬೆನ್ನ ಹಿಂದೆ ನಿಂತು ತಾಟು ಬಡಿಯುತ್ತಾಳೆ. ಅವನು ತಿರುಗುವುದಿಲ್ಲ. ಒಳಗೆ ಬಿಸ್ಕಿಟ್ ಪ್ಯಾಕೆಟ್ ಸದ್ದಾದರೆ ಓಡಿ ಬರುತ್ತಾನೆ. ಇದನ್ನು ನೀವು ಆ ಮನೆಯಲ್ಲಿ ಕೂತು ನೋಡಿದ್ದೀರಿ, ಅಲ್ವಾ? ಹಾಗೆ ನೋಡುವವರು ಕಡಿಮೆ.

ಮೂರನೇ ಪುಟದಲ್ಲಿ ತಾಯಿಯನ್ನು ಬಿಟ್ಟು ಅಮೆರಿಕದ ಗ್ರಾಫ್ ಹಿಡಿದಿರಿ. 2000ರಲ್ಲಿ 150 ಮಕ್ಕಳಲ್ಲಿ ಒಬ್ಬರಿಗೆ ಆಟಿಸಂ, 2022ರಲ್ಲಿ 31ಕ್ಕೆ ಒಬ್ಬರಿಗೆ. ಅಂಕಿ ಸರಿ ಇದೆ. ಆದರೆ ಅದು ಗುರುತು ಸಿಕ್ಕ ಮಕ್ಕಳ ಲೆಕ್ಕ. ಗುರುತಿಸುವ ನಿಯಮ ಹಿಗ್ಗಿತು, ತಪಾಸಣೆ ಜಾಸ್ತಿ ಆಯಿತು. ಮೊದಲು ಬುದ್ಧಿಮಾಂದ್ಯ ಅಂತ ಬರೆಸಿಕೊಳ್ಳುತ್ತಿದ್ದ ಎಷ್ಟೋ ಮಕ್ಕಳು ಈಗ ಆಟಿಸಂ ಪಟ್ಟಿಗೆ ಬಂದರು. ನಮ್ಮಲ್ಲೂ 1995ರ ಅಂಗವಿಕಲರ ಕಾಯ್ದೆಯ 7 ಬಗೆಗಳಲ್ಲಿ ಆಟಿಸಂ ಇರಲಿಲ್ಲ. 2016ರ ಕಾಯ್ದೆಯ 21 ಬಗೆಗಳಲ್ಲಿ ಇದೆ. ಏರಿಕೆ ಪೂರ್ತಿ ಇದರಿಂದಲೇ ಅಂತಲ್ಲ. ತಡವಾಗಿ ಮಕ್ಕಳಾಗುವುದು, ತಿಂಗಳು ತುಂಬದೆ ಹುಟ್ಟಿದ ಕೂಸುಗಳು ಬದುಕುಳಿಯುವುದು, ಇವೂ ಸೇರುತ್ತವೆ.

ಲಸಿಕೆ ಮಾತ್ರ ಸೇರುವುದಿಲ್ಲ. ಎಂಎಂಆರ್ ಲಸಿಕೆಗೂ (ದಡಾರ, ಮಂಗನಬಾವು, ರುಬೆಲ್ಲಾ ತಡೆಯುವುದು) ಆಟಿಸಂಗೂ ನಂಟು ಹಚ್ಚಿದ, ನೀವು ನಂಬಿದ 1998ರ ವರದಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು, ಬರೀ 12 ಮಕ್ಕಳದ್ದು. 2010ರಲ್ಲಿ ಪತ್ರಿಕೆಯೇ ಅದನ್ನು ಹಿಂತೆಗೆದುಕೊಂಡಿತು. ಬರೆದ ವೇಕ್‌ಫೀಲ್ಡ್ ಅವರ ವೈದ್ಯ ನೋಂದಣಿಯೂ ಅದೇ ವರ್ಷ ರದ್ದಾಯಿತು. ಡೆನ್ಮಾರ್ಕ್‌ನಲ್ಲಿ 6,57,461 ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ 2019ರಲ್ಲಿ ಫಲಿತಾಂಶ ಕೊಟ್ಟರು: ಎಂಎಂಆರ್ ಹಾಕಿಸಿಕೊಂಡವರಲ್ಲಿ ಆಟಿಸಂ ಜಾಸ್ತಿ ಇರಲಿಲ್ಲ. ಜಪಾನ್ 1993ರಲ್ಲಿ ಎಂಎಂಆರ್ ನಿಲ್ಲಿಸಿತು. ಆಮೇಲೂ ಯೊಕೊಹಾಮಾದಲ್ಲಿ ಆಟಿಸಂ ಏರುತ್ತಲೇ ಹೋಯಿತು.

ತಾಯಿಗೆ ಹಾಗನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ನಮ್ಮಲ್ಲಿ ಹಾಕುವ ಎಂಆರ್ (ದಡಾರ-ರುಬೆಲ್ಲಾ) ಲಸಿಕೆಯ ಎರಡನೇ ಡೋಸ್ 16ರಿಂದ 24 ತಿಂಗಳೊಳಗೆ. ಆಟಿಸಂ ಮನೆಯವರ ಕಣ್ಣಿಗೆ ಬೀಳುವುದೂ ಹೆಚ್ಚಾಗಿ ಆಗಲೇ. ಅವಳ ಅನುಮಾನ ಅವಳ ಬಾಯಲ್ಲೇ ಇರಲಿ, ಅಳಿಸಬೇಡಿ. ಅದಕ್ಕೆ ನೀವು ಸಹಿ ಹಾಕಬೇಡಿ, ಅಷ್ಟೇ. ಇನ್ನೊಂದು ಮಾತು. ಬಸುರಿಗೆ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ಬಂದರೆ ಕೂಸು ಕಿವುಡಾಗಬಹುದು, ಕಣ್ಣಿಗೆ ಪೊರೆ ಬರಬಹುದು, ಬೆಳವಣಿಗೆ ಹಿಂದೆ ಬೀಳಬಹುದು. ಅದನ್ನು ತಡೆಯುವುದು ನೀವು ದೂರುತ್ತಿರುವ ಇದೇ ಸೂಜಿ.

ಮತ್ತೆ ಬರೆಯುವಾಗ ಆ ತಾಯಿಯ ಜೊತೆ ಹೋಗಿ. ತಾಟು ಬಡಿದ ಮೇಲೆ ಮಗನನ್ನು ಎಲ್ಲಿಗೆ ಕರೆದೊಯ್ದಳು? 'ಗಂಡು ಹುಡುಗ್ರು ಮಾತು ತಡಾನೇ' ಅಂತ ಯಾರು ಸಮಾಧಾನ ಹೇಳಿದರು, ಅದರಲ್ಲಿ ಎಷ್ಟು ದಿನ ಹೋಯಿತು? ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ವರೆಗೆ ಬಂದಳಾ? ಸ್ಪೀಚ್ ಥೆರಪಿಗೆ ಬರುವ ದಿನದ ಕೂಲಿ ಏನಾಯಿತು? ಅಂಗವಿಕಲರ ಗುರುತಿನ ಚೀಟಿ, ಯುಡಿಐಡಿ ಕಾರ್ಡ್ ಆಯಿತಾ? ಇದನ್ನು ಬರೆದರೆ ನಮ್ಮ ಕಡೆಯ ಎಷ್ಟೋ ಮನೆಗಳಿಗೆ ದಾರಿ ಸಿಗುತ್ತದೆ.

ನಿಮ್ಮ ಕೊನೆಯ ಸಾಲು ಓದಿ ನನಗೆ ಹೆದರಿಕೆಯಾಯಿತು. 'ಎರಡನೇ ಮಗಳಿಗೆ ಒಂದೂ ಸೂಜಿ ಹಾಕಿಸಲಿಲ್ಲ' ಅಂತ ಗೆದ್ದ ಹಾಗೆ ಮುಗಿಸಿದ್ದೀರಿ. ಆ ಕೂಸಿಗೆ ದಡಾರ ಬಂದರೆ ಮೆದುಳಿಗೂ ಏರಬಹುದು. ತಪ್ಪಿದ ಎಂಆರ್ ಡೋಸನ್ನು 5 ವರ್ಷ ತುಂಬುವವರೆಗೂ ಕೊಡುತ್ತಾರೆ. ನಿಮ್ಮ ಮಾತನ್ನು ಆ ತಾಯಿ ಕೇಳುತ್ತಾಳೆ. ಈ ವಾರವೇ ಹೋಗಿ, ಊರಿನ ಆಶಾ ಅಕ್ಕನನ್ನೂ ಕರೆದುಕೊಂಡು ಹೋಗಿ. ತಿದ್ದಿದ ಪ್ರತಿ ತಡವಾಗಿ ಬಂದರೂ ನಡೆಯುತ್ತದೆ.