ಕೇಳಿ, ಹೇಳೋಣ: ಪೇಪರಿನಲ್ಲಿ ಅಂಗಡಿ ಹೆಸರು, ಫೋನಿನಲ್ಲಿ ವಕೀಲರ ಬೆದರಿಕೆ

ಪ್ರಶ್ನೆ: ತಾಲ್ಲೂಕು ಕೇಂದ್ರದಲ್ಲಿ ನಮ್ಮದೊಂದು ಬೇಕರಿ ಇದೆ, ಅಪ್ಪನ ಕಾಲದ್ದು. ಹೋದ ತಿಂಗಳು ಒಬ್ಬರು ಬರ್ತ್‌ಡೇ ಕೇಕ್ ತಗೊಂಡು ಹೋದರು. ಮಾರನೇ ದಿನ ಮನೆಯ ನಾಲ್ವರಿಗೆ ವಾಂತಿ ಭೇದಿ, ಸರ್ಕಾರಿ ಆಸ್ಪತ್ರೆಗೆ ಸೇರಿದರಂತೆ. ಆಮೇಲೆ ಅವರ ವಕೀಲರು 10 ಲಕ್ಷ ಪರಿಹಾರ ಕೇಳಿ ನೋಟಿಸ್ ಕಳಿಸಿದ್ದಾರೆ. ಅದು ನಮ್ಮ ಕೈ ಸೇರುವ ಮೊದಲೇ ಜಿಲ್ಲಾ ಪತ್ರಿಕೆಯೊಂದರಲ್ಲಿ ಸುದ್ದಿ ಬಂತು. ನಮ್ಮ ಬೋರ್ಡಿನ ಫೋಟೊ, ಪಕ್ಕದಲ್ಲಿ ವಕೀಲರ ಫೋಟೊ, 'ಇವರು ವಿಷ ಮಾರುತ್ತಿದ್ದಾರೆ' ಅಂತ ಅವರ ಹೇಳಿಕೆ. ನಮ್ಮನ್ನು ಯಾರೂ ಒಂದು ಮಾತು ಕೇಳಲಿಲ್ಲ. ಒಂದು ಯೂಟ್ಯೂಬ್ ಚಾನೆಲ್ಲೂ ಹಾಕಿದೆ. ಆಹಾರ ಸುರಕ್ಷತಾ ಅಧಿಕಾರಿಗಳು ಸ್ಯಾಂಪಲ್ ತಗೊಂಡಿದ್ದರು, ವರದಿ ಚೆನ್ನಾಗಿಯೇ ಬಂದಿದೆ. ಈಗ ಆ ವಕೀಲರು ಫೋನ್ ಮಾಡಿ '3 ಲಕ್ಷಕ್ಕೆ ಮುಗಿಸೋಣ, ಇಲ್ಲಾಂದ್ರೆ ಟಿವಿಗೂ ಕೊಡ್ತೀನಿ' ಅಂತಿದ್ದಾರೆ. ಮಗ 1 ಕೋಟಿ ಮಾನನಷ್ಟ ಕೇಸ್ ಹಾಕೋಣ ಅಂತಾನೆ. ಏನು ಮಾಡಲಿ?
– ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ಮಗನಿಗೆ ಸ್ವಲ್ಪ ತಡಿ ಅನ್ನಿ. ಮಾನನಷ್ಟದ ಸಿವಿಲ್ ದಾವೆ ಹೂಡಲು ಸುದ್ದಿ ಬಂದ ದಿನದಿಂದ ಒಂದು ವರ್ಷ ಇದೆ. ಭಾರತೀಯ ಪತ್ರಿಕಾ ಮಂಡಳಿಗೆ, ಅಂದರೆ ಪ್ರೆಸ್ ಕೌನ್ಸಿಲ್‌ಗೆ, ದಿನಪತ್ರಿಕೆಯ ಮೇಲೆ ದೂರು ಕೊಡಲು ಇರುವುದು ಎರಡೇ ತಿಂಗಳು, ಅದರಲ್ಲಿ ಒಂದು ನಿಮಗೆ ಆಗಲೇ ಮುಗಿದಿದೆ. ಮಂಡಳಿಗೆ ಹೋಗುವ ಮೊದಲು ಸಂಪಾದಕರಿಗೆ ಪತ್ರ ಬರೆದಿರಲೇಬೇಕು. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ: ಅದೇ ಸುದ್ದಿ ಕೋರ್ಟಿನಲ್ಲಿ ವಿಚಾರಣೆಯಲ್ಲಿದ್ದರೆ ಮಂಡಳಿ ದೂರು ತಗೊಳ್ಳುವುದಿಲ್ಲ. ಆತುರಪಟ್ಟು ಕೇಸ್ ಹಾಕಿದರೆ ಆ ಬಾಗಿಲನ್ನು ನೀವೇ ಮುಚ್ಚಿದ ಹಾಗೆ.

ಈಗ ಆ ಪೇಪರ್ ಎದುರಿಗಿಟ್ಟುಕೊಂಡು ಒಂದು ಪೆನ್ಸಿಲ್ ತಗೊಳ್ಳಿ. ಒಂದೊಂದೇ ವಾಕ್ಯ ಓದಿ. 'ನಾಲ್ವರು ಆಸ್ಪತ್ರೆಗೆ ದಾಖಲಾದರು' – ಇದು ನಿಜ ತಾನೇ? ಹಾಗಿದ್ದರೆ ಅದನ್ನು ಬಿಡಿ, ನಿಮಗೆ ಎಷ್ಟೇ ನೋವಾಗಿದ್ದರೂ ಅದು ಸುಳ್ಳು ಸುದ್ದಿಯಲ್ಲ. 'ಬೇಕರಿ ಕೇಕ್ ತಿಂದೇ ಅಸ್ವಸ್ಥರಾದರು' ಅಂತ ಖಚಿತವಾಗಿ ಬರೆದಿದ್ದರೆ ಗೆರೆ ಎಳೆಯಿರಿ. 'ವಿಷ ಮಾರುತ್ತಿದ್ದಾರೆ' ಅನ್ನುವುದಕ್ಕೆ ಎರಡು ಗೆರೆ ಎಳೆಯಿರಿ. 'ಎಂದು ವಕೀಲರು ಆರೋಪಿಸಿದ್ದಾರೆ' ಅಂತ ಕೊನೆಗೆ ಸೇರಿಸಿದ ಮಾತ್ರಕ್ಕೆ ಪತ್ರಿಕೆ ಪೂರ್ತಿ ಪಾರಾಗುವುದಿಲ್ಲ. ಕೋರ್ಟ್ ಕಲಾಪವನ್ನು ಇದ್ದ ಹಾಗೆ ವರದಿ ಮಾಡಿದರೆ ಕಾನೂನಿನ ರಕ್ಷಣೆ ಇದೆ, ನಿಜ. ಆದರೆ ವಕೀಲರ ನೋಟಿಸ್ ಕೋರ್ಟ್ ಕಲಾಪ ಅಲ್ಲ. ಅದು ಒಬ್ಬರು ಇನ್ನೊಬ್ಬರಿಗೆ ಬರೆದ ಪತ್ರ, ಅಷ್ಟೇ.

ಇನ್ನು ನಿಮ್ಮ ಲ್ಯಾಬ್ ವರದಿ. ಇಲ್ಲಿ ಸ್ವಲ್ಪ ಕಟುವಾಗಿ ಹೇಳಬೇಕಾಗಿದೆ, ಬೇಜಾರು ಮಾಡ್ಕೋಬೇಡಿ. ಸ್ಯಾಂಪಲ್ ತಗೊಂಡ ದಿನ ಯಾವುದು? ಕೇಕ್ ಮಾರಿ ನಾಲ್ಕೈದು ದಿನ ಆದಮೇಲೆ, ಬೇರೆ ದಿನ ಮಾಡಿದ ಕೇಕಿನ ಸ್ಯಾಂಪಲ್ ಆಗಿದ್ದರೆ ಅದು ಆವತ್ತಿನ ಕೇಕ್ ಚೆನ್ನಾಗಿತ್ತು ಅಂತ ಸಾಬೀತು ಮಾಡುವುದಿಲ್ಲ. ಏನನ್ನು ಪರೀಕ್ಷೆ ಮಾಡಿದ್ದಾರೆ ಅಂತಲೂ ನೋಡಿ. ಬಣ್ಣ, ಸ್ಯಾಕರಿನ್ ಮಾತ್ರ ನೋಡಿದ್ದಾರಾ, ಇಲ್ಲ ಬ್ಯಾಕ್ಟೀರಿಯಾ ಪರೀಕ್ಷೆಯೂ ಆಗಿದೆಯಾ? ವಾಂತಿ ಭೇದಿಯ ದೂರಿಗೆ ಬಣ್ಣದ ವರದಿ ತೋರಿಸಿದರೆ ಎದುರು ವಕೀಲರು ಮೊದಲ ಪ್ರಶ್ನೆಯಲ್ಲೇ ಅದನ್ನು ಹರಿದು ಹಾಕುತ್ತಾರೆ. ಹಾಗಂತ ನಿಮ್ಮ ಕೈಯಲ್ಲಿ ಏನೂ ಇಲ್ಲ ಅಂತಲ್ಲ. ಅದೇ ದಿನ ಅದೇ ಬ್ಯಾಚಿನಲ್ಲಿ ಇನ್ನೆಷ್ಟು ಕೇಕ್ ಹೋದವು, ಅವರಲ್ಲಿ ಯಾರಾದರೂ ದೂರು ಕೊಟ್ಟರಾ, ಕ್ರೀಮ್ ಮತ್ತು ಮೊಟ್ಟೆ ಎಲ್ಲಿಂದ ಬಂತು, ಬಿಲ್ ಇದೆಯಾ, ಫ್ರಿಡ್ಜ್ ಕೆಟ್ಟಿತ್ತಾ, ಕರೆಂಟ್ ಹೋಗಿತ್ತಾ – ಇವನ್ನೆಲ್ಲ ನೆನಪು ಹಸಿಯಾಗಿರುವಾಗಲೇ ಒಂದು ಪುಸ್ತಕದಲ್ಲಿ ಬರೆದಿಡಿ. ಅವರು ಕೇಕ್ ತಿಂದದ್ದು ಎಷ್ಟು ಹೊತ್ತಿಗೆ, ವಾಂತಿ ಶುರುವಾದದ್ದು ಎಷ್ಟು ಹೊತ್ತಿಗೆ ಅನ್ನುವುದೂ ಮುಖ್ಯ. ಕ್ರೀಮ್‌ನಲ್ಲಿ ಬೆಳೆಯುವ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾದ ವಿಷವಾದರೆ ಸಾಮಾನ್ಯವಾಗಿ ಕೆಲವೇ ಗಂಟೆಗಳಲ್ಲಿ ವಾಂತಿ ಬರುತ್ತದೆ. ಮಾರನೇ ದಿನ ಶುರುವಾಗಿದ್ದರೆ ಪಾರ್ಟಿಯ ಬಿರಿಯಾನಿಯನ್ನೂ ಅನುಮಾನಿಸಬಹುದು, ನೀರನ್ನೂ ಅನುಮಾನಿಸಬಹುದು. ಇದನ್ನು ವೈದ್ಯರೇ ಹೇಳಬೇಕು. ಆದರೆ ಪತ್ರಿಕೆ ಕೇಳಬೇಕಿದ್ದ ಪ್ರಶ್ನೆ ಅದೇ ಆಗಿತ್ತು.

ಸುಮ್ನೆ ಒಂದು ಮಾಹಿತಿ: ವರದಿ ನಿಮ್ಮ ವಿರುದ್ಧ ಬಂದಿದ್ದರೂ ಅದೇ ಕೊನೆಯಾಗುತ್ತಿರಲಿಲ್ಲ. 30 ದಿನದೊಳಗೆ ಆಹಾರ ಸುರಕ್ಷತಾ ಇಲಾಖೆಯ ಅಂಕಿತ ಅಧಿಕಾರಿಗೆ ಮೇಲ್ಮನವಿ ಕೊಟ್ಟು ರೆಫರಲ್ ಲ್ಯಾಬ್‌ಗೆ, ಅಂದರೆ ಮರುಪರೀಕ್ಷೆ ಮಾಡುವ ಲ್ಯಾಬ್‌ಗೆ, ಕಳಿಸಿ ಅಂತ ಕೇಳಬಹುದು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಅಂಥ ಲ್ಯಾಬ್‌ಗಳಲ್ಲಿ ಒಂದು. ನಿಮ್ಮಂಥ ಬೇರೆ ಅಂಗಡಿಯವರಿಗೆ ಇದು ಬೇಕಾಗಬಹುದು ಅಂತ ಹೇಳಿದೆ.

ಪತ್ರ ಯಾರಿಗೆ? ಪತ್ರಿಕೆಯ ಯಾವುದಾದರೂ ಒಂದು ಪುಟದ ಅಡಿಯಲ್ಲಿ, ಕಣ್ಣಿಗೆ ಬೀಳದಷ್ಟು ಸಣ್ಣ ಅಕ್ಷರದಲ್ಲಿ, ಮುದ್ರಕರು, ಪ್ರಕಾಶಕರು, ಸಂಪಾದಕರು ಯಾರು ಅಂತ ಅಚ್ಚು ಹಾಕಿರುತ್ತಾರೆ. ಆ ಸಂಪಾದಕರ ಹೆಸರಿಗೇ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಲೋಕಲ್ ವರದಿಗಾರನಿಗೆ ವಾಟ್ಸಾಪ್ ಮಾಡಿದ್ದು ಲೆಕ್ಕಕ್ಕಿಲ್ಲ. ಪತ್ರ ಒಂದೇ ಪುಟ ಇರಲಿ. ಹೀಗೆ ಬರೆಯಿರಿ: 'ಇಂಥ ದಿನ, ಇಂಥ ಪುಟದಲ್ಲಿ ಬಂದ ವರದಿಯಲ್ಲಿ ಈ ಮೂರು ವಾಕ್ಯ ತಪ್ಪು. ದಾಖಲೆ ಲಗತ್ತಿಸಿದ್ದೇವೆ. ಪ್ರಕಟಿಸುವ ಮೊದಲು ನಮ್ಮನ್ನು ಸಂಪರ್ಕಿಸಿಲ್ಲ. ಅಷ್ಟೇ ಎದ್ದು ಕಾಣುವ ಜಾಗದಲ್ಲಿ ನಮ್ಮ ಸ್ಪಷ್ಟನೆ ಪ್ರಕಟಿಸಬೇಕು.' ಪತ್ರಿಕೆಯ ಜನ್ಮ ಜಾಲಾಡಬೇಡಿ, ನಿಮ್ಮ ಬೇಕರಿಗೆ ಸಿಕ್ಕ ಪ್ರಶಸ್ತಿ ಬರೆಯಬೇಡಿ, 1 ಕೋಟಿ ಅನ್ನುವ ಮಾತೂ ಬೇಡ. ಕೋಟಿ ಕಂಡ ಕೂಡಲೇ ಸಂಪಾದಕರು ಆ ಪತ್ರವನ್ನು ತಮ್ಮ ವಕೀಲರಿಗೆ ದಾಟಿಸುತ್ತಾರೆ, ಅಲ್ಲಿಗೆ ಸ್ಪಷ್ಟನೆಯ ಆಸೆ ಬಿಟ್ಟಂತೆ. ಪ್ರೆಸ್ ಕೌನ್ಸಿಲ್ ಪತ್ರಿಕೆಗೆ ಎಚ್ಚರಿಕೆ ಕೊಡಬಹುದು, ಛೀಮಾರಿ ಹಾಕಬಹುದು. ದಂಡ ಹಾಕುವ ಅಧಿಕಾರ ಅದಕ್ಕಿಲ್ಲ, ನಿಮಗೆ ಒಂದು ರೂಪಾಯಿಯೂ ಕೊಡಿಸುವುದಿಲ್ಲ. ಆದರೂ ಅಂಗಡಿಯ ಗೋಡೆಗೆ ಅಂಟಿಸಲು ಛೀಮಾರಿಯ ಪ್ರತಿ ಒಳ್ಳೆಯದೇ, ಅಲ್ವಾ?

ಯೂಟ್ಯೂಬ್ ಚಾನೆಲ್ಲು ಈ ಮಂಡಳಿಯ ಕೈಗೆ ಬರುವುದಿಲ್ಲ. ಅದಕ್ಕೆ 2021ರ ಐಟಿ ನಿಯಮಗಳಿವೆ. ಕುಂದುಕೊರತೆ ಅಧಿಕಾರಿಗೆ ದೂರು ಕೊಟ್ಟರೆ ನಿಯಮದಲ್ಲಿ ಹೇಳಿದ ಗಡುವಿನೊಳಗೆ ತೀರ್ಮಾನ ಹೇಳಬೇಕು. ದೂರು ಕೊಡುವ ಮೊದಲೇ ವಿಡಿಯೊ ಡೌನ್‌ಲೋಡ್ ಮಾಡಿ, ಲಿಂಕ್ ಬರೆದಿಡಿ, ದಿನಾಂಕ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆಯಿರಿ. ಮೊದಲು ದೂರು ಕೊಟ್ಟು, ಅವರು ಡಿಲೀಟ್ ಮಾಡಿದ ಮೇಲೆ ಸಾಕ್ಷಿ ಹುಡುಕುವವರು ಬೇಕಾದಷ್ಟು ಜನ ಇದ್ದಾರೆ.

ಇನ್ನು ಮಗನ 1 ಕೋಟಿ. ಕೇಳಿದ ಮೊತ್ತದ ಲೆಕ್ಕದಲ್ಲೇ ಕೋರ್ಟ್ ಶುಲ್ಕ ಕಟ್ಟಬೇಕು, ಅದನ್ನು ಅವನಿಗೆ ಯಾರಾದರೂ ಹೇಳಿದ್ದಾರಾ? 'ಮೊದಲು ಸುದ್ದಿ ತೆಗೆಸಿ, ಆಮೇಲೆ ವಿಚಾರಣೆ' ಅನ್ನುವ ದಾರಿಯೂ ಈಗ ಸುಲಭವಿಲ್ಲ. ಝೀ ಎಂಟರ್‌ಟೇನ್‌ಮೆಂಟ್ ಕಂಪನಿಯ ಲೆಕ್ಕಪತ್ರದಲ್ಲಿ 24 ಕೋಟಿ ಡಾಲರ್‌ಗೂ ಜಾಸ್ತಿ ಹಣದ ತಕರಾರು ಷೇರುಪೇಟೆ ನಿಯಂತ್ರಕ ಸೆಬಿಗೆ ಸಿಕ್ಕಿದೆ ಅಂತ 2024ರ ಫೆಬ್ರುವರಿಯಲ್ಲಿ ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆ ಬರೆಯಿತು. ಝೀ ಅದು ಸುಳ್ಳು ಅಂತ ದೆಹಲಿಯ ಕೋರ್ಟಿಗೆ ಹೋಯಿತು, ಲೇಖನ ತೆಗೆಯಿರಿ ಅಂತ ಆದೇಶವೂ ಸಿಕ್ಕಿತು, ಹೈಕೋರ್ಟೂ ಅದನ್ನು ಎತ್ತಿ ಹಿಡಿಯಿತು. ಮಾರ್ಚ್ 22ರಂದು ಸುಪ್ರೀಂ ಕೋರ್ಟ್ ಎರಡನ್ನೂ ರದ್ದು ಮಾಡಿತು. ವಿಚಾರಣೆಗೆ ಮುಂಚೆ ಇಂಥ ತಡೆ ಕೊಡುವುದು ತೀರಾ ಅಪರೂಪಕ್ಕೆ ಮಾತ್ರ, ಬರೆದದ್ದು ದುರುದ್ದೇಶದ ಸುಳ್ಳು ಅಂತ ಮೇಲ್ನೋಟಕ್ಕೇ ಕಾಣುವಾಗ ಮಾತ್ರ ಅಂತ ಹೇಳಿತು. ಅಷ್ಟು ದೊಡ್ಡ ಕಂಪನಿಗೇ ಹೀಗಾದರೆ ನಿಮ್ಮ ಬೇಕರಿಗೆ? ಅದರ ಮೇಲೆ ಇದು ತಿನ್ನುವ ಪದಾರ್ಥದ ಸುದ್ದಿ. 2024ರ ಮಾರ್ಚ್‌ನಲ್ಲಿ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದ ಮೇಲಂತೂ ಇಂಥ ಸುದ್ದಿಗೆ ಸಾರ್ವಜನಿಕ ಹಿತ ಇಲ್ಲ ಅಂತ ವಾದಿಸುವುದು ಕಷ್ಟ.

ಕ್ರಿಮಿನಲ್ ದಾರಿಯೂ ಇದೆ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ, ಎರಡು ವರ್ಷದವರೆಗೆ ಸಜೆ. ಪೊಲೀಸರು ಇದಕ್ಕೆ ಎಫ್‌ಐಆರ್ ಹಾಕುವುದಿಲ್ಲ, ಸ್ಟೇಷನ್‌ಗೆ ಅಲೆಯಬೇಡಿ. ಮ್ಯಾಜಿಸ್ಟ್ರೇಟರ ಮುಂದೆ ನೀವೇ ಖಾಸಗಿ ದೂರು ಕೊಡಬೇಕು. ವರ್ಷಗಟ್ಟಲೆ ಎಳೆಯುತ್ತದೆ. ಪತ್ರಿಕೆ ಸ್ಪಷ್ಟನೆ ಹಾಕಲು ಒಪ್ಪದಿದ್ದರೆ, ನಿಮ್ಮ ದಾಖಲೆ ಗಟ್ಟಿ ಇದ್ದರೆ, ಆಗ ಯೋಚಿಸಿ.

ವಕೀಲರ ವಿಷಯವನ್ನು ಬೇರೆಯೇ ನೋಡಬೇಕು. ನೋಟಿಸ್ ಕಳಿಸಿದ್ದು ತಪ್ಪಲ್ಲ, 10 ಲಕ್ಷ ಕೇಳಿದ್ದೂ ತಪ್ಪಲ್ಲ, ಅದು ಅವರ ಕೆಲಸ. ಅದಕ್ಕೆ ಸಿಟ್ಟಾಗಬೇಡಿ, ನಿಮ್ಮ ಕಡೆಯ ವಕೀಲರಿಂದ ಉತ್ತರ ಕೊಡಿಸಿ. ತಕರಾರು ಬರುವುದು ಪೇಪರಿನ ಫೋಟೊದಿಂದ. ತಾವು ನಡೆಸುತ್ತಿರುವ ಪ್ರಕರಣದ ಬಗ್ಗೆ ಪತ್ರಿಕೆಯಲ್ಲಿ ಹೇಳಿಕೆ ಬರುವ ಹಾಗೆ ಮಾಡುವುದು, ಫೋಟೊ ಹಾಕಿಸಿಕೊಳ್ಳುವುದು ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮದ ಪ್ರಕಾರ ಕೂಡದು, ಅದು ಪ್ರಚಾರ ಗಿಟ್ಟಿಸಿಕೊಂಡ ಹಾಗೆ. ಎಷ್ಟು ಜನ ಪಾಲಿಸುತ್ತಾರೆ ಅಂತ ಕೇಳಬೇಡಿ, ಸಂಜೆ ಟಿವಿ ಹಾಕಿದರೆ ಗೊತ್ತಾಗುತ್ತದೆ. 'ವಿಷ ಮಾರುತ್ತಿದ್ದಾರೆ' ಅನ್ನುವ ಮಾತನ್ನು ಅವರು ಕೋರ್ಟಿನೊಳಗೆ ವಾದದಲ್ಲಿ ಹೇಳಿದ್ದರೆ ಬೇರೆ. ಹೊರಗೆ ವರದಿಗಾರನಿಗೆ ಹೇಳಿದಾಗ ಕರಿಕೋಟಿನ ರಕ್ಷಣೆ ಇಲ್ಲ, ನೀವು ನಾನು ಹೇಳಿದ್ದಕ್ಕೆ ಎಷ್ಟು ಹೊಣೆಯೋ ಅವರಿಗೂ ಅಷ್ಟೇ.

ಫೋನ್ ಕರೆ ಇದಕ್ಕಿಂತ ಗಂಭೀರ. '3 ಲಕ್ಷಕ್ಕೆ ರಾಜಿ ಆಗೋಣ' ಅನ್ನುವುದು ಮಾಮೂಲಿ ಮಾತು. 'ಕೊಡದಿದ್ದರೆ ಟಿವಿಗೆ ಕೊಡ್ತೀನಿ' ಅಂದಾಗ ಅದು ಸುಲಿಗೆಯ ಕಲಂ ಹತ್ತಿರ ಬರುತ್ತದೆ, ಏಕೆಂದರೆ ಕಾನೂನಿನಲ್ಲಿ ಹಾನಿ ಅಂದರೆ ಮೈಗೆ, ಆಸ್ತಿಗೆ ಮಾತ್ರವಲ್ಲ, ಹೆಸರಿಗೆ ಆಗುವ ಹಾನಿಯೂ ಸೇರುತ್ತದೆ. ರೆಕಾರ್ಡಿಂಗ್ ಇದ್ದರೆ ಮೂಲ ಫೋನಿನಲ್ಲೇ ಉಳಿಸಿ. ದಯವಿಟ್ಟು ಸ್ಟೇಟಸ್‌ಗೆ ಹಾಕಬೇಡಿ. ಇಲ್ಲದಿದ್ದರೆ ದಿನ, ಹೊತ್ತು, ಆಡಿದ ಮಾತು ಬರೆದಿಡಿ. ಆಗಲೇ ನೀವು ಒಬ್ಬ ವಕೀಲರನ್ನು ಇಟ್ಟುಕೊಂಡಿದ್ದರೆ ಇನ್ನೊಂದು ಅಂಶ ಇದೆ: ಎದುರು ಕಡೆಯವರಿಗೆ ವಕೀಲರಿರುವಾಗ ಅವರನ್ನು ಬಿಟ್ಟು ನೇರವಾಗಿ ಕಕ್ಷಿದಾರರ ಜತೆ ವ್ಯವಹಾರ ಮಾತಾಡಬಾರದು ಅಂತಲೂ ನಿಯಮವಿದೆ. ಇಲ್ಲದಿದ್ದರೆ ಈ ಅಂಶ ಅನ್ವಯಿಸುವುದಿಲ್ಲ. ಮುಂದಿನ ಸಲ ಫೋನ್ ಬಂದರೆ 'ಬರವಣಿಗೆಯಲ್ಲಿ ಕಳಿಸಿ ಸಾರ್' ಅಂತ ಹೇಳಿ ಇಟ್ಟುಬಿಡಿ.

ದೂರು ಕೊಡಬೇಕಾದ್ದು ಬೆಂಗಳೂರಿನ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ, 1961ರ ವಕೀಲರ ಕಾಯ್ದೆಯ 35ನೇ ಕಲಂ ಅಡಿ. ನಿಮ್ಮೂರಿನ ವಕೀಲರ ಸಂಘಕ್ಕೆ ಸನದು, ಅಂದರೆ ವಕೀಲಿಕೆಯ ಪರವಾನಗಿ, ರದ್ದು ಮಾಡುವ ಅಧಿಕಾರ ಇಲ್ಲ, ಅಲ್ಲಿಗೆ ಹೋದರೆ ಕಾಫಿ ಕೊಟ್ಟು ರಾಜಿ ಮಾಡಿಸುತ್ತಾರೆ. ಪರಿಷತ್ತಿನ ಮೂವರು ಸದಸ್ಯರ ಶಿಸ್ತು ಸಮಿತಿ ವಿಚಾರಣೆ ಮಾಡುತ್ತದೆ. ಒಂದು ವರ್ಷದೊಳಗೆ ಮುಗಿಸದಿದ್ದರೆ ಪ್ರಕರಣ ದೆಹಲಿಯ ಭಾರತೀಯ ವಕೀಲರ ಪರಿಷತ್ತಿಗೆ ಹೋಗುತ್ತದೆ. ತಪ್ಪು ಸಾಬೀತಾದರೆ ಛೀಮಾರಿ, ಸ್ವಲ್ಪ ಕಾಲ ಅಮಾನತು, ತೀರಾ ಆದರೆ ಪಟ್ಟಿಯಿಂದ ಹೆಸರು ತೆಗೆಯುವುದು. ದೂರಿನಲ್ಲಿ ಫೋಟೊ, ಹೇಳಿಕೆ, ಫೋನ್ ಇಷ್ಟೇ ಇರಲಿ. ನೋಟಿಸಿನ ಬಗ್ಗೆ ಅಳಬೇಡಿ, ಅದನ್ನು ಸೇರಿಸಿದರೆ ಒಳ್ಳೆಯ ದೂರೂ ತೆಳ್ಳಗಾಗುತ್ತದೆ.

ಪ್ರಶ್ನೆ: ನಮ್ಮ ಟ್ರಾವೆಲ್ಸ್ ಬಗ್ಗೆ ಬಂದ ಸುಳ್ಳು ಸುದ್ದಿಗೆ ಕೇಸ್ ಹಾಕುತ್ತೇನೆ ಅಂತ ನಮ್ಮ ವಕೀಲರು 60 ಸಾವಿರ ತಗೊಂಡರು. 'ಹಾಕಿದೀನಿ, ಡೇಟ್ ಬರತ್ತೆ' ಅಂತಲೇ ಹತ್ತು ತಿಂಗಳಾಯಿತು. ಫೈಲ್ ಕೇಳಿದರೆ ಉಳಿದ ಫೀಸ್ ಕೊಡಿ ಅಂತಾರೆ. ಗ್ರಾಹಕರ ಕೋರ್ಟಿಗೆ ಹೋಗಬಹುದಾ?
– ಒಬ್ಬ ಓದುಗ, ದಾವಣಗೆರೆ

ಉತ್ತರ: ಇಲ್ಲ. ವಕೀಲರ ಸೇವೆ ಗ್ರಾಹಕರ ಕಾಯ್ದೆಗೆ ಬರುವುದಿಲ್ಲ ಅಂತ 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿದೆ. ಡಾಕ್ಟರು ಬರುತ್ತಾರೆ, ವಕೀಲರು ಬರುವುದಿಲ್ಲ. ನನಗೆ ಇದು ಪೂರ್ತಿ ಒಪ್ಪಿಗೆ ಇಲ್ಲ, ಆದರೆ ಸದ್ಯಕ್ಕೆ ಕಾನೂನು ಅದೇ. ನೀವು ಇವತ್ತೇ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ನಿಮ್ಮ ಹೆಸರು ಹಾಕಿ ಹುಡುಕಿ. ಕೇಸ್ ಹಾಕಿದ್ದರೆ ನಂಬರ್ ಸಿಗುತ್ತದೆ. ಸಿಗದಿದ್ದರೆ ಕೋರ್ಟ್ ಆಫೀಸಿನಲ್ಲೂ ವಿಚಾರಿಸಿ, ಅಲ್ಲೂ ಇಲ್ಲ ಅಂದರೆ ಹಾಕಿಲ್ಲ ಅಂತಲೇ ಲೆಕ್ಕ. ಹಾಗಿದ್ದರೆ ಒಂದು ವರ್ಷದ ಗಡುವಿಗೆ ಎರಡು ತಿಂಗಳೂ ಉಳಿದಿರಲಿಕ್ಕಿಲ್ಲ, ಜಗಳ ಆಮೇಲೆ ಆಡಿ, ಮೊದಲು ಬೇರೆ ವಕೀಲರ ಹತ್ತಿರ ಓಡಿ. ಫೀಸ್ ಬಾಕಿ ಇದೆ ಅಂತ ಫೈಲ್ ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ, 2000ದಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಬರವಣಿಗೆಯಲ್ಲಿ ಕೇಳಿ. ಕೊಡದಿದ್ದರೆ ಮೇಲೆ ಹೇಳಿದ ಪರಿಷತ್ತೇ ಗತಿ. ಗೂಗಲ್ ಪೇ ಮಾಡಿದ್ದರೆ ಅದರ ದಾಖಲೆ ಸಾಕು. ಕ್ಯಾಶ್ ಕೊಟ್ಟು ರಸೀದಿ ತಗೊಂಡಿಲ್ಲ ಅಂದರೆ ಅವರ ಜತೆಗಿನ ವಾಟ್ಸಾಪ್ ಮಾತುಕತೆ ಅಳಿಸಬೇಡಿ.

ಪ್ರಶ್ನೆ: ಪೇಪರಿನಲ್ಲಿ ನಮ್ಮ ಲಾಡ್ಜ್ ಹೆಸರು ಹಾಕಿಲ್ಲ, 'ಬಸ್‌ಸ್ಟ್ಯಾಂಡ್ ಎದುರಿನ ಲಾಡ್ಜ್' ಅಂತ ಬರೆದಿದ್ದಾರೆ. ಜಾಹೀರಾತು ಕೊಟ್ಟರೆ ಮುಂದಿನ ಭಾಗ ಬರುವುದಿಲ್ಲ ಅಂತ ವರದಿಗಾರ ಹೇಳಿಕಳಿಸಿದ್ದಾನೆ.
– ಎಂ., ತುಮಕೂರು ಜಿಲ್ಲೆ

ಉತ್ತರ: ಬಸ್‌ಸ್ಟ್ಯಾಂಡ್ ಎದುರು ಇರುವುದು ಒಂದೇ ಲಾಡ್ಜ್ ಆದರೆ ಹೆಸರು ಹಾಕಿದಂತೆಯೇ, ಊರಿನವರಿಗೆ ಗೊತ್ತಾದರೆ ಸಾಕು. ನಾಲ್ಕು ಲಾಡ್ಜ್ ಇದ್ದರೆ ಕಷ್ಟ. ಜಾಹೀರಾತು ಕೊಡಬೇಡಿ, ಒಮ್ಮೆ ಕೊಟ್ಟರೆ ದೀಪಾವಳಿ, ರಾಜ್ಯೋತ್ಸವ, ವಾರ್ಷಿಕೋತ್ಸವ ಅಂತ ಬರುತ್ತಲೇ ಇರುತ್ತಾರೆ. ಯಾರ ಕೈಲಿ ಹೇಳಿಕಳಿಸಿದ ಅನ್ನುವುದನ್ನು ಬರೆದು ನೇರ ಸಂಪಾದಕರಿಗೇ ಕಳಿಸಿ. ಎಷ್ಟೋ ಸಲ ಈ ವ್ಯಾಪಾರ ಸಂಪಾದಕರಿಗೇ ಗೊತ್ತಿರುವುದಿಲ್ಲ. ಗೊತ್ತಿದ್ದೂ ಸುಮ್ಮನಿದ್ದರೆ ಅದೇ ಪತ್ರದ ಪ್ರತಿಯನ್ನು ಪ್ರೆಸ್ ಕೌನ್ಸಿಲ್‌ಗೆ ಹಾಕಿ. ಹಾಂ, ಸುದ್ದಿಯಲ್ಲಿ ಬರೆದದ್ದು ನಿಜವೋ ಸುಳ್ಳೋ ಅಂತ ನೀವು ಎಲ್ಲೂ ಹೇಳಿಲ್ಲ. ನಿಜವಾಗಿದ್ದರೆ ಮೊದಲು ರಿಜಿಸ್ಟರ್ ಸರಿ ಮಾಡಿಕೊಳ್ಳಿ.